ಕೊನೆಯ ಹಾಳೆಗೆ ಮಾತ್ರ ಸಹಿ

ಜುಲೈ 9, ಮಂಗಳವಾರ, ಬೆಳಿಗ್ಗೆ 10.20. ವಿಧಾನಸಭೆಯ ಭರವಸೆಗಳ ಸಮಿತಿಯ ಅಧಿಕಾರಿ ಮುನಿಕೃಷ್ಣಪ್ಪ ಹಲಸೂರು ಠಾಣೆಗೆ ಬಂದು ಇನ್‌ಸ್ಪೆಕ್ಟರ್ ಹಂಸರ ಮುಂದೆ ಎರಡು ಕಾಗದ ಇಟ್ಟರು. ಕೆ.ಆರ್. ಪುರದ ಕೆರೆಯಂಚಿನ ನಲವತ್ತೊಂದು ಕುಟುಂಬಗಳಲ್ಲಿ ಹನ್ನೊಂದಕ್ಕೆ ಮಾತ್ರ ಬದಲಿ ಮನೆ ಸಿಕ್ಕಿದೆ ಎಂದು ಸರ್ಕಾರ ಸದನಕ್ಕೆ ಕೊಟ್ಟ ಉತ್ತರ ಒಂದು. ಎಲ್ಲರಿಗೂ ಸಿಕ್ಕಿದೆ ಎಂದು ಸರ್ಕಾರದ ವಕೀಲರು ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರ ಇನ್ನೊಂದು. ಅದನ್ನು ನಂಬಿ ಕೋರ್ಟು ತೆರವಿಗೆ ಒಪ್ಪಿತ್ತು. ಶುಕ್ರವಾರ ಜೆಸಿಬಿ ಬರುವುದಿತ್ತು.

"ಸದನಕ್ಕೊಂದು, ಕೋರ್ಟಿಗೊಂದು. ಯಾವ ಬಾಯಿ ನಿಜ ಹೇಳ್ತು ನೀವೇ ನೋಡಿ ಮೇಡಂ."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಕೆರೆಯಂಚಿನಲ್ಲಿ ಶಂಶುನ್ನೀಸಾ ಎಂಬಾಕೆ ತನ್ನ ಹೊಸಿಲಲ್ಲೇ ಹಂಸರನ್ನು ತಡೆದಳು. "ಅರೆ, ನಮ್ಗೆ ಕೀಲಿ ಕೊಟ್ಟವ್ರಂತೆ! ಎಲ್ಲೈತಮ್ಮಾ, ನಿಮ್ ಜೇಬಲ್ಲಾ?"

ಹಂಸ ಆಕೆಯ ಹೇಳಿಕೆಯನ್ನು ಬರೆದುಕೊಂಡರು.

ಬುಧವಾರ ಸರ್ಕಾರಿ ವಕೀಲರ ಕಚೇರಿಯಲ್ಲಿ, ಪಂಚನಾಮೆ ನಡೆಯುತ್ತಿದ್ದಾಗ ಕಾನ್‌ಸ್ಟೆಬಲ್ ವಾಜಿದ್ ಅಲ್ಲಿದ್ದ ಪ್ರಮಾಣಪತ್ರದ ಸಹಿ ಪ್ರತಿಯನ್ನು ಬೆಳಕಿಗೆ ಹಿಡಿದ. "ಮೇಡಂ, ಸಹಿ ಇರೋ ಕೊನೇ ಹಾಳೆಗೆ ಎರಡು ಸಲ ಪಿನ್ ಹೊಡ್ದವ್ರೆ. ಮನೆ ಲೆಕ್ಕ ಇರೋ ಮೂರನೇದಕ್ಕೆ ಒಂದೇ ಸಲ. ಅದನ್ನ ಆಮೇಲೆ ಸೇರ್ಸವ್ರೆ."

ಸರ್ಕಾರದ ಪರವಾಗಿ ಅದಕ್ಕೆ ಸಹಿ ಹಾಕಿದ್ದ ಎಂಜಿನಿಯರ್ ಕೆಂಪರಾಜ್ ಠಾಣೆಯಲ್ಲಿ ಬೆವತ.

"ಪ್ರತಿ ಹಾಳೆಗೂ ಯಾಕೆ ಹಾಕ್ಲಿಲ್ಲ?"

"ಎಲ್ರೂ ಕೊನೇದಕ್ಕೆ ಮಾತ್ರ ಹಾಕೋದು ಮೇಡಂ. ದೆಹಲಿ ಫ್ಲೈಟಿಗೆ ಹೊತ್ತಾಯ್ತು ಅಂತಾರೆ. ನಾನು ಓದ್ದಾಗ ಹನ್ನೊಂದು ಅಂತ್ಲೇ ಇತ್ತು. ಲಾಯರ್ ಭವ್ಯ ಮೇಡಂ ಕೈಗೇ ಕೊಟ್ಟೆ."

ಹಂಸ ಗದರಲಿಲ್ಲ. ಎಷ್ಟೋ ಪಂಚನಾಮೆಗಳಿಗೆ ತಾನೂ ಸಾಕ್ಷಿಗಳ ಸಹಿಯನ್ನು ಮೊದಲೇ ಹಾಕಿಸಿಕೊಂಡಿದ್ದು ನೆನಪಾಯಿತು.

ಸಹಿ ಹಾಕಿದ ದಿನ ಕೆಂಪರಾಜ್ ವಕೀಲರ ಕಚೇರಿಯಿಂದ ಹೋದ ಮೇಲೆ, ಸಂಜೆ 6.50ಕ್ಕೆ, ಭವ್ಯಳ ಕಂಪ್ಯೂಟರಿನಿಂದ ಮೂರನೆಯ ಹಾಳೆ ಮತ್ತೆ ಮುದ್ರಣವಾಗಿತ್ತು. ನಿವಾಸಿಗಳ ವಕೀಲರು ಗುರುವಾರವೇ ಪಂಚನಾಮೆ ಹಿಡಿದು ದೆಹಲಿಗೆ ಓಡಿದರು. ವಿಚಾರಣೆ ಸೋಮವಾರಕ್ಕೆ ನಿಗದಿಯಾಯಿತು; ತೆರವಿಗೆ ತಡೆ ಮಾತ್ರ ಸಿಗಲಿಲ್ಲ.

ಶುಕ್ರವಾರ ಮಧ್ಯಾಹ್ನ ದೆಹಲಿಯಿಂದ ಇಂದಿರಾನಗರದ ಮನೆಗೆ ಮರಳಿದ ಭವ್ಯಳನ್ನು ಹಂಸ ಬಂಧಿಸಿದರು.

"ಯಾಕ್ರೀ ಹೀಗ್ಮಾಡಿದ್ರಿ?"

"ಹದಿನೇಳು ವರ್ಷ ಬೇರೆಯವ್ರ ಫೈಲ್ ಹೊತ್ತೆ. ಸುಪ್ರೀಂ ಕೋರ್ಟಲ್ಲಿ ನಾನೇ ಎದ್ದು ನಿಂತಿದ್ದು ಅದೇ ಮೊದಲು. ಹನ್ನೊಂದು ಅಂದಿದ್ರೆ ಬೈಸ್ಕೊಂಡು ಬರ್ಬೇಕಿತ್ತು, ಮತ್ತೆ ಕಳಿಸ್ತಿರ್ಲಿಲ್ಲ. ಮಿಕ್ಕ ಮನೆ ತಿಂಗಳಲ್ಲಿ ಕೊಡ್ತೀವಿ ಅಂತ ಇಲಾಖೆಯವ್ರು ಅಂದಿದ್ರು, ನಂಬ್ದೆ." ಆಮೇಲೆ ಕೇಳಿದಳು: "ಕೆರೆ ಹತ್ರದವ್ರು ಅಲ್ಲೇ ಇದಾರಲ್ವಾ?"

"ಬೆಳಿಗ್ಗೆ ಏಳಕ್ಕೇ ಜೆಸಿಬಿ ಬಂತು."

ವರದಿಯಲ್ಲಿ ಉದ್ದೇಶ ಎಂಬ ಕಡೆ ಹಂಸ, 'ಮತ್ತೊಮ್ಮೆ ಅಲ್ಲಿ ನಿಲ್ಲುವ ಆಸೆ' ಎಂದು ಬರೆದರು.