ಬೈಯಲು ಬಾರದ ರಾಯವ್ವ

"ಆ ಕುಂಚ ಇತ್ತ ಕೊಡ್ರಿ, ರಾಯವ್ವಾರ."

ರಾಯವ್ವ ತಲೆ ಎತ್ತಿದಳು. ಹುಕ್ಕೇರಿಯಿಂದ ಬಂದ ಹೊಸ ಮೇಸ್ತ್ರಿ ಕೇದಾರಿ ಕೈಚಾಚಿ ನಿಂತಿದ್ದ. ಗೋಕಾಕದ ಈ ಗೊಂಬೆ ಕಾರ್ಖಾನೆಗೆ ಅವನು ಬಂದು ಎಂಟು ದಿನವಾಗಿತ್ತು. ಅವಳೊಡನೆ ಆಡಿದ ಮೊದಲ ಮಾತೇ ಇದು!

ಕಟ್ಟಿಗೆಯ ಮಾವಿನಹಣ್ಣಿಗೆ ಬಣ್ಣ ಹಚ್ಚುತ್ತಿದ್ದವಳು ಯಾಕೆಂದೂ ಕೇಳದೆ ಕುಂಚ ಕೊಟ್ಟಳು.

"ನಾಳಿಂದ ನೀವು ಬಣ್ಣಾ ಹಚ್ಚೂದು ಬ್ಯಾಡ. ಈ ಏಳೂ ಮಂದಿ ಹೆಣ್ಮಕ್ಕಳ ಕೆಲಸಾ ನೀವ ನೋಡ್ಕೋರಿ."

ಅಷ್ಟು ಹೇಳಿ ಹೊರಟೇಹೋದ.

'ನನ್ನ ಕೆಲಸ ಇವನಿಗೆ ಸೇರಲಿಲ್ಲ...' ಎಂದುಕೊಂಡಳು. ನೋವಾಗಬೇಕಿತ್ತು. ಆಗಲಿಲ್ಲ.

ಗಂಡ ಶಿದ್ರಾಮ ಜ್ವರದಲ್ಲಿ ತೀರಿಕೊಂಡದ್ದು ೧೯೫೫ರಲ್ಲಿ. ಮೂರು ವರ್ಷದಿಂದ ಅವಳಿಗೆ ಯಾವುದೂ ಮುಟ್ಟುತ್ತಿರಲಿಲ್ಲ. ಉಂಡದ್ದು ಏನೆಂದೂ ನೆನಪಿರುತ್ತಿರಲಿಲ್ಲ. ಕುಂಚ ಹಿಡಿದರೆ ಹೊತ್ತಾದರೂ ಹೋಗುತ್ತಿತ್ತು. ಈಗ ಅದೂ ಹೋಯಿತು.

ಹಳೆಯ ಮೇಸ್ತ್ರಿ ಖಂಡೆಪ್ಪನ ಕಾಲದಲ್ಲಿ ಬೆಳಗಿನಿಂದ ಸಂಜೆವರೆಗೆ ಬೈಗುಳವೇ. ಒಂದು ಗೊಂಬೆ ಕೆಟ್ಟರೆ ಎಲ್ಲರೆದುರು ಮಾನ ಕಳೆಯುತ್ತಿದ್ದ. ಹೆಂಗಸರು ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕುವುದನ್ನು ಕಲಿತಿದ್ದರು.

ರಾಯವ್ವ ಬೈಯಲಿಲ್ಲ. ಬೈಯುವಷ್ಟು ಸಿಟ್ಟೇ ಅವಳಲ್ಲಿ ಉಳಿದಿರಲಿಲ್ಲ. ಸುಮ್ಮನೆ ನೋಡುತ್ತಿದ್ದಳು. ಮುದುಕಿ ಸಾತವ್ವನ ಕೈ ನಡುಗುತ್ತಿತ್ತು. ಆದರೆ ಗೊಂಬೆಗೆ ಬಳಿದ ಬಿಳಿಮಣ್ಣು ಹದವಾಗಿ ಒಣಗಿತೋ ಇಲ್ಲವೋ ಬೆರಳಿಟ್ಟೇ ಹೇಳುತ್ತಿದ್ದಳು. ರಾಯವ್ವ ಅವಳನ್ನು ಒಣಗಿಸುವ ಕಡೆ ಕೂರಿಸಿದಳು. ಬಣ್ಣ ಕೂಡಿಸುವುದು ಶೆಟ್ಟೆವ್ವನಿಗೆ ಒಲಿದಿತ್ತು. ಅದನ್ನು ಪೂರಾ ಅವಳಿಗೇ ಬಿಟ್ಟಳು. ತಿಂಗಳೊಳಗೆ ಹೆಂಗಸರು ಕೆಲಸದ ನಡುವೆ ನಗತೊಡಗಿದರು. ರಾಯವ್ವನಿಗೆ ಆ ನಗು ಪಕ್ಕದ ಮನೆಯದೆಂಬಂತೆ ಕೇಳುತ್ತಿತ್ತು.

ಒಂದು ಮಧ್ಯಾಹ್ನ ಶೆಟ್ಟೆವ್ವನ ಕೈಜಾರಿ ಬಾಳೆಹಣ್ಣಿನ ಗೊಂಬೆಗಳ ಬುಟ್ಟಿ ಧಡ್ಡನೆ ಬಿತ್ತು. ಎಲ್ಲರೂ ಉಸಿರು ಹಿಡಿದರು.

"ಕಾಲ ಮ್ಯಾಲ ಬೀಳಲಿಲ್ಲ ಹೌದಿಲ್ಲೋ?" ರಾಯವ್ವ ಕೇಳಿದಳು.

ಶೆಟ್ಟೆವ್ವ ಬಿಕ್ಕಿ ಬಿಕ್ಕಿ ಅತ್ತಳು. ಯಾರೂ ಕರೆಯದೆಯೇ ಉಳಿದವರು ಬಂದು ಕುಳಿತರು, ಬಿರುಕುಬಿಟ್ಟದ್ದಕ್ಕೆಲ್ಲ ಹುಣಸೆಬೀಜದ ಅಂಟು ತುಂಬಿದರು. ಅತ್ತವಳೂ ನಕ್ಕಳು. ರಾಯವ್ವನೊಳಗೆ ಮಾತ್ರ ಏನೂ ಅಲುಗಲಿಲ್ಲ. ಅವಳಿಗೆ ಹೆದರಿಕೆಯಾಯಿತು.

ಕಟ್ಟಿಗೆ ಕೆತ್ತುತ್ತಿದ್ದ ಕೇದಾರಿಯ ಬಳಿ ನೇರ ಹೋದಳು.

"ನಾಳಿಂದ ನಾ ಬರೂದಿಲ್ಲರಿ."

"ಯಾಕ್ರಿ?!"

"ಅವರೆಲ್ಲಾ ನನ್ನ ಮ್ಯಾಲ ಜೀವಾ ಇಟ್ಟಾರ. ನನ್ನೊಳಗ ಏನೂ ಇಲ್ಲ... ಮೋಸಾ ಮಾಡಿದಂಗ ಆಗತೈತಿ. ಬಣ್ಣದ ಕೆಲಸಾನೂ ನಿಮಗ ಸೇರಲಿಲ್ಲ."

"ಸೇರಲಿಲ್ಲಾ?" ಕೇದಾರಿ ಉಳಿ ಕೆಳಗಿಟ್ಟ. "ನಿಮ್ಮಂಗ ಬಣ್ಣಾ ಹಚ್ಚಾವರು ಗೋಕಾಕದಾಗ ಯಾರದಾರ? ಸಾತವ್ವ ಕೆಡಿಸಿದ ಗೊಂಬಿ ನೀವು ಸುಮ್ಮನ ತಿದ್ದಿ ಇಡೂದು ನೋಡೇನಿ. ಯಾರ ಮುಂದೂ ಹೇಳಲಿಲ್ಲ ನೀವು. ನನಗ ಕಟ್ಟಿಗಿ ತಿಳಿತೈತಿ, ಮಂದಿ ತಿಳಿಯೂದಿಲ್ಲ. ನಿಮಗ ತಿಳಿತೈತಿ. ಇದನ್ನ ಅವತ್ತ ಹೇಳಬೇಕಿತ್ತು... ನಿಮ್ಮ ಮುಂದ ನನಗ ಬಾಯಿನ ಬರೂದಿಲ್ಲರಿ!"

ಅವಳು ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದಳು. ಕಿವಿಯವರೆಗೆ ಕೆಂಪಾಗಿದ್ದ.

"ಉಡಿಕಿ ಮಾಡ್ಕೊಳ್ಳಾಕ ನಿಮ್ಮಣ್ಣ ಮಾಲಿಂಗಪ್ಪನ್ನ ಕೇಳಬೇಕಂತ ಮಾಡೇನಿ," ಎಂದ. "ನಿಮ್ಮನ್ನ ಕೇಳದ ಅವರನ್ನ ಹೆಂಗ ಕೇಳ್ಲಿ?"

ಗಂಡ ಸತ್ತವಳು ಮತ್ತೆ ಮದುವೆಯಾಗುವ ಉಡಿಕೆ ಅವರ ಮಂದಿಯಲ್ಲಿ ಹೊಸದೇನಲ್ಲ. ಅವಳ ಅಂಜಿಕೆ ಬೇರೆಯೇ ಇತ್ತು.

"ನನಗ ಖುಷಿನ ಆಗಲಿಲ್ಲಂದ್ರ?... ಎಂದೂ ಆಗಲಿಲ್ಲಂದ್ರ?"

"ಆಗಲಿಲ್ಲಂದ್ರ ಆಗಲಿಲ್ಲ. ನಿಮ್ಮ ಬಾಜೂಕ ಕುಂದರ್ತೇನಿ."

ರಾಯವ್ವನ ಕಣ್ಣು ಒಣಗಿಯೇ ಇತ್ತು. ಆದರೂ ಹೊರಟುಹೋಗಲಿಲ್ಲ. ಅಲ್ಲೇ ಕಟ್ಟಿಗೆಯ ಹೊಟ್ಟಿನ ಮೇಲೆ ಕುಳಿತುಬಿಟ್ಟಳು. ಅವನೂ ಮೆಲ್ಲಗೆ ಕುಳಿತ.

"ನಾಳಿ ಮನಿಗಿ ಬರ್ರಿ," ಎಂದಳು ರಾಯವ್ವ. "ಅಣ್ಣ ಹೊಲಕ್ಕ ಹೋಗೂದ್ರೊಳಗ."

"ನಸಕಿನ್ಯಾಗ ಬರ್ತೇನಿ!"

"ಅಷ್ಟ ಲಗೂ ಬ್ಯಾಡರಿ..." ಅವಳು ಸೆರಗಿಗೆ ಹತ್ತಿದ ಹೊಟ್ಟು ಕೊಡವಿದಳು. "ಚಾ ಮಾಡಾಕರ ನನಗ ಹೊತ್ತ ಬೇಕಲ್ಲ."