ಅರ್ಧ ಸುತ್ತು ಸಡಿಲ

ಸಂಜೆ ಆರೂವರೆಗೆ, ಹುಬ್ಬಳ್ಳಿಯ ತೋಳನಕೆರೆ ಹತ್ತಿರದ 'ನವನೀತ' ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಹದಿನೇಳನೆಯ ಕಂಬದ ಚಾರ್ಜರಿಗೆ ಹೋಗುವ ತಂತಿ ಹಸಿರಿನಿಂದ ಹಳದಿಗೆ ತಿರುಗಿತು. ಹಳದಿಯಿಂದ ಕೆಂಪಾಯಿತು. ಆಮೇಲೆ ಕರೆಂಟನ್ನು ತಾನೇ ಕಡಿದುಕೊಂಡಿತು. ಎಂಬತ್ತನಾಲ್ಕು ಮನೆಗಳ ಫೋನುಗಳಲ್ಲೂ ಒಂದೇ ಸುದ್ದಿ ಮೂಡಿತು: ಕಂಬ ಹದಿನೇಳು, ತಂತಿಗೆ ಜ್ವರ.

2058ನೆಯ ಇಸವಿಯಲ್ಲಿ ಇದು ಅಚ್ಚರಿಯ ಸಂಗತಿಯೇನಲ್ಲ. ಇದರ ಹೆಸರು ಸಾಕ್ಷಿತಂತಿ. ಸಾಮಾನ್ಯ ತಂತಿಯ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ ಇರುತ್ತದಲ್ಲ, ಇದರ ಹೊದಿಕೆ ಬೇರೆ. ಶಾಖ ತಗುಲಿದಂತೆ ಅದರ ಒಳರಚನೆ ಬದಲಾಗುತ್ತದೆ. ಬದಲಾದದ್ದು ಮತ್ತೆ ಮೊದಲಿನಂತಾಗುವುದಿಲ್ಲ. ಯಾವ ಗೇಣಿನಲ್ಲಿ, ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಡಿಗ್ರಿ ಬಿಸಿಯಾಯಿತು ಎಂಬುದನ್ನು ಅದು ಹತ್ತು ವರ್ಷದ ನಂತರವೂ ಹೇಳಬಲ್ಲದು. ಇದು ಬರುವ ಮೊದಲು, ಅಪಾರ್ಟ್‌ಮೆಂಟಿನ ಕೆಳಗೆ ಕಾರು ಚಾರ್ಜ್ ಮಾಡುತ್ತೇವೆ ಎಂದರೆ ವಿಮೆ ಕಂಪನಿಗಳು ಕೈ ಮುಗಿದು ಬಾಗಿಲು ತೋರಿಸುತ್ತಿದ್ದವು. ಬಂದ ಮೇಲೆ ಅವೇ ಬಾಗಿಲು ತಟ್ಟತೊಡಗಿದವು.

ಅಂದು ಕೆಂಪಾದದ್ದು, ಸಾಕ್ಷಿತಂತಿಯನ್ನು ಕಂಡುಹಿಡಿದ ಡಾ. ಭಾಗ್ಯಶ್ರೀ ಕುಲಗೋಡ ಅವರ ಸ್ವಂತ ಚಾರ್ಜರಿನ ತಂತಿಯೇ. ಜನ ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಬಂದರು. "ಡಾಕ್ಟರ್ ಮನಿಯಾಗ ಜ್ವರ ಬಂತಲ್ರೀ" ಎಂದು ಯಾರೋ ನಕ್ಕರು. ಗುಂಪಿನ ಹಿಂದೆ ಕೈಕಟ್ಟಿ ನಿಂತಿದ್ದ ಸಂಘದ ಕಾರ್ಯದರ್ಶಿ ಮಹಾಂತೇಶ ಹೊಸಮಠನಿಗೆ ಬಹಳ ದಿನಗಳ ಮೇಲೆ ಹೊಟ್ಟೆ ತಣ್ಣಗಾಯಿತು.

ಈ ಮಹಾಂತೇಶನದೂ ಭಾಗ್ಯಶ್ರೀಯದೂ ನಲವತ್ತು ವರ್ಷದ ಪರಿಚಯ. ಇಬ್ಬರೂ ಒಂದೇ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದವರು. ಅವಳು ಮುಂದೆ ಓದಿದಳು, ಇವನು ವೈರಿಂಗ್ ಕಂಟ್ರಾಕ್ಟರ್ ಆದ. ಈ ಕಟ್ಟಡದ ಒಂದೊಂದು ತಂತಿಯನ್ನೂ ಎಳೆದವನು ಅವನೇ. ಯಾರ ಮನೆಯಲ್ಲಿ ಲೈಟು ಹೋದರೂ ಮೊದಲು ಅವನನ್ನೇ ಕರೆಯುತ್ತಿದ್ದರು, ಚಹಾ ಕುಡಿಸದೆ ಕಳಿಸುತ್ತಿರಲಿಲ್ಲ. ಆರು ವರ್ಷದ ಹಿಂದೆ ಭಾಗ್ಯಶ್ರೀ ಐದನೆಯ ಮಹಡಿಗೆ ಬಂದಳು ನೋಡಿ, ಅವಳ ಹಿಂದೆಯೇ ಸಾಕ್ಷಿತಂತಿಯೂ ಬಂತು, ಚಹಾ ನಿಂತಿತು. ತಂತಿಯೇ ತನ್ನ ಜ್ವರ ತಾನು ಹೇಳಿಕೊಳ್ಳುವಾಗ ನಾಡಿ ಹಿಡಿಯುವವನು ಯಾರಿಗೆ ಬೇಕು? ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಅವಳೂ ಇದೇ ಹಿತ್ತಲಿನ ಗಿಡ, ಅವಳು ಮಾತ್ರ ಹೇಗೆ ಮದ್ದಾದಳು ಎಂಬುದು ಮಹಾಂತೇಶನಿಗೆ ತಿಳಿಯಲಿಲ್ಲ.

ಅವನ ಹೊಟ್ಟೆಕಿಚ್ಚು ದೊಡ್ಡ ದೊಡ್ಡ ಸಂಗತಿಗಳ ಮೇಲೆ ಇರಲಿಲ್ಲ. ಅವಳಿಗೆ ದಿಲ್ಲಿಯಲ್ಲಿ ಪ್ರಶಸ್ತಿ ಬಂದಾಗ ಹಾರವನ್ನು ಇವನೇ ತಂದಿದ್ದ. ಆದರೆ ವಾಚ್‌ಮನ್ ಅವಳ ಕಾರಿಗೆ ಎದ್ದು ನಿಲ್ಲುವುದು, ತನ್ನ ಹೆಂಡತಿ ರೇಣುಕಾ ಮಿಕ್ಸರ್ ಕೆಟ್ಟರೆ "ಭಾಗ್ಯಕ್ಕನ್ನ ಒಂದು ಮಾತು ಕೇಳ್ಲೇನು?" ಎನ್ನುವುದು, ಇವು ಅವನಿಗೆ ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಾಗಿದ್ದವು.

ಕೊನೆಗೆ ದಸರೆಯ ಖಂಡೇ ಪೂಜೆಯ ದಿನ ಎಲ್ಲ ಕೆಟ್ಟಿತು. ನವನೀತದಲ್ಲಿ ಆ ದಿನ ಚಾರ್ಜರುಗಳಿಗೆಲ್ಲ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕಿ, ಮುಖ್ಯ ಪ್ಯಾನೆಲಿನ ಮುಂದೆ ಕಾಯಿ ಒಡೆಯುವುದು ರೂಢಿ. ಹತ್ತೊಂಬತ್ತು ವರ್ಷ ಆ ಕಾಯಿ ಒಡೆದದ್ದು ಮಹಾಂತೇಶ. ಈ ಸಲ ಅವನು ಪಂಚೆ ಉಟ್ಟು ಬರುವಷ್ಟರಲ್ಲಿ ಯಾರೋ ಕಾಯಿಯನ್ನು ಭಾಗ್ಯಶ್ರೀಯ ಕೈಗೆ ಕೊಟ್ಟಿದ್ದರು. ಅವಳು ಹಿಂದೆಮುಂದೆ ನೋಡದೆ ಒಡೆದಳು. ಜನ ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ, ಪಾಪ, ಎರಡು ಸಲ.

ಮರುದಿನ ಮಧ್ಯಾಹ್ನ ನೆಲಮಾಳಿಗೆಯಲ್ಲಿ ಯಾರೂ ಇಲ್ಲದಾಗ ಮಹಾಂತೇಶ ಹದಿನೇಳನೆಯ ಕಂಬದ ಪೆಟ್ಟಿಗೆ ತೆರೆದು, ತಂತಿಯನ್ನು ಬಿಗಿಹಿಡಿದ ಸ್ಕ್ರೂ ಒಂದನ್ನು ಅರ್ಧ ಸುತ್ತು ಸಡಿಲಿಸಿದ. ಬಿಗಿ ತಪ್ಪಿದ ಜೋಡಣೆಯಲ್ಲಿ ಕರೆಂಟು ತಡವರಿಸುತ್ತದೆ, ತಡವರಿಸಿದಲ್ಲಿ ಶಾಖ ಹುಟ್ಟುತ್ತದೆ. ಬೆಂಕಿ ಹಚ್ಚುವ ಯೋಚನೆ ಅವನಿಗೆ ಕನಸಿನಲ್ಲೂ ಇರಲಿಲ್ಲ. ಎಪ್ಪತ್ತು ಡಿಗ್ರಿಗೆ ತಂತಿ ತಾನೇ ಕರೆಂಟು ಕಡಿಯುತ್ತದೆ ಎಂದು ಅವಳು ನೂರು ಸಲ ಹೇಳಿದ್ದಳಲ್ಲ! ಅವಳ ಚಾರ್ಜರು ನಾಲ್ಕು ಜನರ ಮುಂದೆ ಕೈಕೊಡಬೇಕು, ಅವಳ ಮುಖ ಒಂದು ಗಳಿಗೆ ಸಣ್ಣಗಾಗಬೇಕು, ಅಷ್ಟೇ ಅವನಿಗೆ ಬೇಕಿದ್ದದ್ದು. ನಿಜ ಹೇಳಬೇಕೆಂದರೆ, ಆ ಕಟ್ಟಡದಲ್ಲಿ ಅವಳ ತಂತಿಯನ್ನು ಅವನಷ್ಟು ನಂಬಿದವರು ಇನ್ನೊಬ್ಬರಿರಲಿಲ್ಲ.

ಬೇಕಾದದ್ದು ಸಿಕ್ಕಿತು. ಅಂದು ರಾತ್ರಿ ಊಟಕ್ಕೆ ಹೋಳಿಗೆ ಎರಡು ಹೆಚ್ಚೇ ಹೋದವು.

ತಂತಿ ಕೆಂಪಾದರೆ ವಿಮೆ ಕಂಪನಿಗೂ ತಾನಾಗಿ ಸುದ್ದಿ ಹೋಗುತ್ತದೆ. ಮೂರನೆಯ ದಿನ ಕಂಪನಿಯ ಸರ್ವೇಯರ್ ಅಫ್ರೀನ್ ಮುಲ್ಲಾ ಎಂಬ ಹುಡುಗಿ ಬಂದಳು. ಕಟ್ಟಡದ ವಿಮೆ ನವೀಕರಣಕ್ಕೆ ಇನ್ನು ಒಂದೇ ವಾರವಿತ್ತು. ಅದು ಆಗದಿದ್ದರೆ ಕಾನೂನಿನ ಪ್ರಕಾರ ಎಂಬತ್ತನಾಲ್ಕು ಚಾರ್ಜರುಗಳಿಗೂ ಬೀಗ. ಭಾಗ್ಯಶ್ರೀಯನ್ನೂ ಮಹಾಂತೇಶನನ್ನೂ ನಿಲ್ಲಿಸಿಕೊಂಡು ಅಫ್ರೀನ್ ತಂತಿಯ ದಾಖಲೆ ಓದಿದಳು. ಕರೆಂಟು ಕಡಿದದ್ದು ಎಪ್ಪತ್ತು ಡಿಗ್ರಿಗಲ್ಲ, ನೂರಾ ಹದಿನೆಂಟಕ್ಕೆ. ಪೆಟ್ಟಿಗೆಯ ಮೇಲಿದ್ದ ಪೂಜೆಯ ಮಾಲೆಯ ದಾರ ಕಂದಿ ಕರಿಯಾಗಿತ್ತು. ಮಹಾಂತೇಶ ಆ ದಾರವನ್ನು ಮುಟ್ಟಿ ನೋಡಿದ. ಅದೇ ಕಂಬದ ಪಕ್ಕ ಸಂಜೆ ಹೊತ್ತು ಮಕ್ಕಳು ಬ್ಯಾಡ್ಮಿಂಟನ್ ಆಡುತ್ತಾರೆ.

ತಂತಿ ತಡಮಾಡಿದ್ದೇಕೆ ಎಂಬುದನ್ನು ಭಾಗ್ಯಶ್ರೀಯೇ ಹೇಳಿದಳು. ಪ್ರಯೋಗಾಲಯದಲ್ಲಿ ಮೊಟ್ಟಮೊದಲು ತಯಾರಾದ ತುಂಡನ್ನು ಆಸೆಪಟ್ಟು ತನ್ನ ಚಾರ್ಜರಿಗೇ ಹಾಕಿಸಿಕೊಂಡಿದ್ದಳಂತೆ. ಅದು ಹಳೆಯದಾಗಿ ಮಂದವಾಗಿತ್ತು. ಬದಲಿಸಬೇಕೆಂದು ಗೊತ್ತಿದ್ದೂ ಮನಸ್ಸು ಬಂದಿರಲಿಲ್ಲ.

ಅಫ್ರೀನ್ ತಲೆಯಾಡಿಸಿ, ಅದು ಒಂದು ಮಾತು, ಇನ್ನೊಂದಿದೆ ಎಂದಳು. ತಂತಿ ಕೆಂಪಾದ ದಿನವೇ ಮಧ್ಯಾಹ್ನ ಮೂರೂ ಹತ್ತಕ್ಕೆ, ಕಾರೇ ಇಲ್ಲದ ಹೊತ್ತಿನಲ್ಲಿ, ಜೋಡಣೆಯ ಬಿಗಿ ತಟ್ಟನೆ ಇಳಿದಿತ್ತು. ಶಾಖದಂತೆ ಸ್ಕ್ರೂವಿನ ಒತ್ತಡವನ್ನೂ ತಂತಿ ನೆನಪಿಡುತ್ತದೆ ಎಂಬುದು ಮಹಾಂತೇಶನಿಗೆ ಗೊತ್ತಿರಲಿಲ್ಲ. ಸ್ಕ್ರೂ ತಾನಾಗಿ ಸಡಿಲವಾಗಲು ವರ್ಷಗಳು ಬೇಕು, ಹೀಗೆ ಒಂದೇ ಕ್ಷಣದಲ್ಲಿ ಆಗಬೇಕಾದರೆ ಕೈ ಬೇಕು. ಯಾರ ಕೈ ಎಂಬುದು ತಂತಿಗೆ ತಿಳಿಯದು.

ಅವಳು ನವೀಕರಣದ ಅರ್ಜಿ ತೆಗೆದು ಈ ವರ್ಷ ಹೊಸದಾಗಿ ಸೇರಿದ ಒಂದು ಪ್ರಶ್ನೆ ತೋರಿಸಿದಳು. ಸಾಕ್ಷಿತಂತಿ ಬಂದಮೇಲೆ ತಂತಿಯ ತಪ್ಪಿನಿಂದ ಬೆಂಕಿ ಬೀಳುವುದು ನಿಂತೇಹೋಗಿತ್ತು. ಉಳಿದ ಒಂದೊಂದು ಅನಾಹುತದ ಬೇರೂ ನೆರೆಹೊರೆಯಲ್ಲೇ ಸಿಕ್ಕಿತ್ತು: ಒಬ್ಬ ಇನ್ನೊಬ್ಬನ ಪ್ಲಗ್ ಕಿತ್ತದ್ದು, ಅವನಿಗಿದ್ದರೆ ನನಗೇಕಿಲ್ಲ ಎಂದು ಕದ್ದು ತಂತಿ ಎಳೆದದ್ದು. ಅದಕ್ಕೇ ಆ ಪ್ರಶ್ನೆ: 'ನಿವಾಸಿಗಳಲ್ಲಿ ಯಾರಿಗಾದರೂ ಇನ್ನೊಬ್ಬರ ಮೇಲೆ ಅಸೂಯೆ ಇದೆಯೇ? ಇದ್ದರೆ ಹೆಸರು.' ಇದೆ ಎಂದು ಬರೆದರೆ ಪೆಟ್ಟಿಗೆಗಳಿಗೆ ಕಂಪನಿಯ ಬೀಗ ಹಾಕಿ ವಿಮೆ ಕೊಡುತ್ತಾರೆ. ಇಲ್ಲ ಎಂದು ಸುಳ್ಳು ಬರೆದು ಸಿಕ್ಕಿಬಿದ್ದರೆ ವಿಮೆಯೇ ರದ್ದು. ಸಹಿ ಕಾರ್ಯದರ್ಶಿಯದು.

ಮಹಾಂತೇಶ ಪೆನ್ನು ಹಿಡಿದು ನಿಂತ. ಅಷ್ಟರಲ್ಲಿ ಭಾಗ್ಯಶ್ರೀ, ಹಳೇ ತುಂಡು ಹಾಕಿಸಿದವಳು ತಾನು, ಸ್ಕ್ರೂ ಮುಟ್ಟಿದವಳೂ ತಾನೇ ಅಂತ ಬರೆದುಬಿಡಿ, ಕಟ್ಟಡದವರಿಗೆ ತೊಂದರೆ ಬೇಡ ಎಂದಳು. ಮೂರು ದಿನದ ಹಿಂದಾಗಿದ್ದರೆ ಈ ಮಾತು ಅವನಿಗೆ ಹಬ್ಬದೂಟ. ಈಗ ಮೈಯೆಲ್ಲ ಉರಿಯಿತು. ತಪ್ಪು ಮಾಡಿದವನು ತಾನು, ದೊಡ್ಡವಳಾಗುವವಳು ಇಲ್ಲಿಯೂ ಅವಳೇ!

"ನೀ ಅಲ್ಲ. ನಾ ಸಡಿಲ ಮಾಡೀನಿ" ಎಂದ.

ಭಾಗ್ಯಶ್ರೀ ಅವನ ಮುಖವನ್ನೇ ನೋಡಿದಳು. "ಯಾಕ ಮಹಾಂತೇಶ?"

"ಕಾಯಿ ನಾ ಒಡೀತಿದ್ದೆ ಭಾಗ್ಯಾ. ಹತ್ತೊಂಬತ್ತು ವರ್ಷ."

"ನನಗ ಗೊತ್ತ ಇರಲಿಲ್ಲಪಾ. ಪೂಜಾಕ್ಕ ನಾ ಬಂದಿದ್ದ ಇದ ಮೊದಲು. ಕೈಯಾಗ ಕೊಟ್ರು, ಒಡದೆ." ಆಮೇಲೆ ಮೆಲ್ಲಗೆ ಕೇಳಿದಳು. "ನಿನಗ ನನ್ನ ಮ್ಯಾಲ ಹೊಟ್ಟೆಕಿಚ್ಚು ಐತೇನು?"

ಅವಳು ನಾಟಕವಾಡುತ್ತಿರಲಿಲ್ಲ. ನಿಜವಾಗಿಯೂ ಅವಳಿಗೆ ಗೊತ್ತಿರಲಿಲ್ಲ. ಆರು ವರ್ಷ ಅವನು ಹಗಲೂ ರಾತ್ರಿ ಬೆಂದದ್ದು ಅವಳ ಗಮನಕ್ಕೇ ಬಂದಿರಲಿಲ್ಲ. ತೆಂಗಿನಕಾಯಿಗಿಂತ, ಪ್ರಶಸ್ತಿಗಿಂತ ಇದೇ ಅವನಿಗೆ ಹೆಚ್ಚು ನೋವಾಯಿತು. 'ಇದೆ' ಎಂದು ಬರೆದು, ಮುಂದೆ ತನ್ನ ಹೆಸರನ್ನು ಇನಿಷಿಯಲ್ ಸಮೇತ ಬರೆದು ಸಹಿ ಮಾಡಿದ.

ವಿಮೆ ಸಿಕ್ಕಿತು. ಮಹಾಂತೇಶನ ಕಾರ್ಯದರ್ಶಿ ಪದವಿ ಹೋಯಿತು. ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಬೇಡಿ, ಅದು ಅರ್ಜಿ ತುಂಬಿದರೆ ಹೋಗುವಂಥದಲ್ಲ. ಈಗಲೂ ಅವಳ ಕಾರು ಬಂದರೆ ಅವನು ಆ ಕಡೆ ಮುಖ ತಿರುಗಿಸುತ್ತಾನೆ. ವ್ಯತ್ಯಾಸ ಇಷ್ಟೇ, ಈಗ ಅವಳು ಕಿಟಕಿ ಇಳಿಸಿ ಮಾತಾಡಿಸಿಯೇ ಮುಂದೆ ಹೋಗುತ್ತಾಳೆ.

ಇದೆಲ್ಲ ನಡೆಯಲು ಇನ್ನೂ ಮೂರು ದಶಕ ಇದೆ. ಸದ್ಯ ನಿಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಚಾರ್ಜರುಗಳು ಒಂದೊಂದಾಗಿ ಬರುತ್ತಿವೆ. ತಂತಿಯ ದಪ್ಪ ಎಷ್ಟು, ಅರ್ಥಿಂಗ್ ಸರಿಯಿದೆಯೇ ಎಂದು ಸಂಘದವರು ಕೇಳುತ್ತಿದ್ದಾರೆ, ಕೇಳಲೇಬೇಕು. ಆ ಇನ್ನೊಂದು ಪ್ರಶ್ನೆ ಇನ್ನೂ ಯಾವ ಅರ್ಜಿಯಲ್ಲೂ ಬಂದಿಲ್ಲ. ಆದರೂ ಓದುತ್ತಿರುವಾಗ, ನೀವು ಒಳಗೊಳಗೇ ಕರುಬುವ ಒಬ್ಬರ ಮುಖ ನಿಮಗೆ ನೆನಪಾಗಿರಬೇಕು. ಅವರಿಗೆ ಅದು ಗೊತ್ತೇ?