ಹಾಲಿಗೆ ಹಾಕಿ ನೋಡಿದ ನೀಲ

ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಶನಿಯ ಸಾಡೇಸಾತಿ ನಡೆಯುತ್ತಿದೆ ಎಂದು ಜೋಯಿಸರು ಹೇಳಿದ್ದಕ್ಕೆ, ೧೯೯೮ರಲ್ಲಿ ನಮ್ಮ ಯಜಮಾನರು ಚಳ್ಳಕೆರೆಯಿಂದ ನೀಲದ ಹರಳಿನ ಉಂಗುರ ತಂದರು. ನೀಲ ಅಸಲಿಯಾದರೆ, ಅದನ್ನು ಹಾಕಿದ ಹಾಲು ನೀಲಿಯಾಗಿ ಕಾಣುತ್ತದಂತೆ. ಕೊಂಡ್ಲಹಳ್ಳಿಯ ನಮ್ಮ ಮನೆಯಲ್ಲಿ ಆಗ ಕರೆಯುವ ಹಸುವಿರಲಿಲ್ಲ. ಊರಾಚೆ, ದೇವರಿಗೆಂದು ಬಿಟ್ಟ ದನಗಳನ್ನು ಕೂಡುವ ರೊಪ್ಪವಿತ್ತು. ಆ ಹಾಲು ಕರುಗಳಿಗೆ ಮಾತ್ರ; ಮನುಷ್ಯರು ಕರೆಯುವಂತಿಲ್ಲ.

"ಒಂದ್ ಲೋಟಕ್ಕೆ ಏನಾಗ್ತೈತೆ ಬಿಡು" ಎಂದು ಇವರು ಹೋಗಿ ಕರೆದು ತಂದೇಬಿಟ್ಟರು.

ಉಂಗುರ ಹಾಕಿದೊಡನೆ ಹಾಲು ನೀಲಿಯಾಯಿತು. ತೆಗೆದ ಮೇಲೂ ನೀಲಿಯಾಗಿಯೇ ಉಳಿಯಿತು. ಮಟಮಟ ಮಧ್ಯಾಹ್ನ, ಆಗಷ್ಟೇ ಕರೆದ ಹಾಲು. ಲೋಟ ಮುಟ್ಟಿದರೆ ಬಾವಿಯ ನೀರಿನಂತೆ ತಣ್ಣಗಿತ್ತು. ನೀಲ ಅಸಲಿಯೆಂದು ಇವರು ಖುಷಿಯಿಂದ ಉಂಗುರ ತೊಟ್ಟರು.

ಸಂಜೆ ದೇವರ ದನ ಕಾಯುವ ಪಾತಣ್ಣ ಬಾಗಿಲಿಗೆ ಬಂದ. ಜೊತೆಗೊಂದು ಎಳೆಗರು.

"ಕರ ತಾಯಿ ಮೊಲೆಗೆ ಬಾಯೇ ಹಾಕ್ತಿಲ್ಲ ಕಣಮ್ಮ. ಬಿಚ್ಚಿದ್ರೆ ನಿಮ್ಮನೆ ಕಡೀಗೇ ಓಡ್ತೈತೆ. ಏನ್ ಮಾಡಿದ್ರಿ?"

ಕರು ನೆಟ್ಟಗೆ ಬಂದು ಇವರ ಉಂಗುರದ ಬೆರಳನ್ನು ಚೀಪತೊಡಗಿತು. ಬಿಡಿಸಲು ಪಾತಣ್ಣ ಒದ್ದಾಡಿಬಿಟ್ಟ.

ಆ ವಾರವೇ ಕರು ಸತ್ತಿತು. ಇವರು ಉಂಗುರವನ್ನು ಅಂಗಡಿಗೆ ಹಿಂತಿರುಗಿಸಿ, ದೇವರಿಗೆ ತಪ್ಪುಕಾಣಿಕೆ ಇಟ್ಟು ಬಂದರು.

ಈಗಲೂ ಬಾಗಿಲಿಗೆ ಚಿಲಕ ಹಾಕಿಯೇ ಮಲಗುತ್ತೇವೆ. ಬೆಳಗ್ಗೆ ಏಳುವಾಗ ಇವರ ಆ ಒಂದು ಬೆರಳು ಮಾತ್ರ ಒದ್ದೆಯಾಗಿ, ತುಂಬ ಹೊತ್ತು ನೀರಲ್ಲಿ ನೆನೆದಂತೆ ಸುಕ್ಕುಗಟ್ಟಿರುತ್ತದೆ.